ಕಂಪ್ಯೂಟರ್ ಸುಟ್ಟರೆ ಏನು ಮಾಡ್ತೀರಿ?

ನಾಳೆ ನಿಮ್ಮ ಕಂಪ್ಯೂಟರ್ ಸತ್ತರೆ ಏನು ಗತಿ ಎಂದು ವ್ಯಾಪಾರಸ್ಥರನ್ನು ಕೇಳುವುದೇ ನನ್ನ ಕಸುಬು. ಅವರು ಗಾಬರಿಯಾಗಿ, ಒಂದು ಪ್ಲಾನ್ ಬರೆದುಕೊಡಿ ಎನ್ನಬೇಕು. ಆದರೆ ಪ್ರತಿಸಲ ಗಾಬರಿಯಾಗಿ ಮನೆಗೆ ಬರುವವನು ನಾನೇ. ನನ್ನ ಅರ್ಧ ತಲೆ ಬೆಳ್ಳಗಾಗಲು ರಾಯಚೂರಿನ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜೇ ಸಾಕಾಯಿತು.

೧. ಮೊದಲ ಮೀಟಿಂಗ್

ಅಲ್ಲಿ ಸಾವಿರಾರು ಚೀಲ, ನೋಡಲು ಎಲ್ಲವೂ ಒಂದೇ. ಯಾರ ಚೀಲ ಯಾವ ಚೇಂಬರಿನ ಯಾವ ಅಟ್ಟದಲ್ಲಿದೆ ಎಂಬ ಪಟ್ಟಿ ಇದ್ದದ್ದು ಆಫೀಸಿನ ಒಂದೇ ಕಂಪ್ಯೂಟರಿನಲ್ಲಿ. ಅದು ಹೋದರೆ ರೈತನ ಮೆಣಸಿನಕಾಯಿ ಹುಡುಕಿಕೊಡುವವರಿಲ್ಲ.

"ಸಾವಕಾರ್ರ, ಆಫೀಸಿಗೆ ಬೆಂಕಿ ಬಿತ್ತು ಅಂತ ತಿಳ್ಕೊಳ್ರಿ..." ಎಂದೆ.

ಮಾಲೀಕರು ಕುರ್ಚಿಯಿಂದ ಎದ್ದೇಬಿಟ್ಟರು. "ಅಮಾಸಿ ದಿನ ಎಂಥಾ ಮಾತು ಆಡ್ತೀರಿ! ಬಿಡ್ತು ಅನ್ರಿ!"

"ಬಿಡ್ತು. ಹೋಗ್ಲಿ, ನೀರು ನುಗ್ಗಿತು..."

"ಬಿಡ್ತು ಅನ್ರಿ!"

ಕಳ್ಳರಿಗೊಮ್ಮೆ, ಸಿಡಿಲಿಗೊಮ್ಮೆ, ವೈರಸ್ಸಿಗೊಮ್ಮೆ ಬಿಡ್ತು ಅಂದೆ. ತಾಸಿನೊಳಗೆ ನನ್ನ ಪಟ್ಟಿಯ ಎಲ್ಲ ವಿಪತ್ತುಗಳೂ ಪರಿಹಾರವಾಗಿದ್ದವು. ಪ್ಲಾನ್ ಮಾತ್ರ ಇನ್ನೂ ಶುರುವಾಗಿರಲಿಲ್ಲ.

೨. ದೇವದುರ್ಗದ ಡಿಸ್ಕ್

ಬಹಳ ಕಾಡಿದ ಮೇಲೆ ಎರಡು ಹಾಳೆಯ ಪ್ಲಾನಿಗೆ ಸಹಿ ಬಿತ್ತು. ಪಟ್ಟಿಯ ಕಾಪಿಗೆಂದು ಒಂದು ಡಿಸ್ಕ್ ಕೊಡಿಸಿದೆ. ಅದು ಪ್ರತಿ ಶನಿವಾರ ಬಸ್ಸಿನಲ್ಲಿ ದೇವದುರ್ಗಕ್ಕೆ, ರೈತರ ಚೀಲ ಬುಕ್ ಮಾಡುವ ಸಾವಕಾರರ ಇನ್ನೊಂದು ಆಫೀಸಿಗೆ ಹೋಗಿ, ಸೋಮವಾರ ವಾಪಸ್ ಬರಬೇಕು.

ಆರು ತಿಂಗಳಾದ ಮೇಲೆ ನೋಡಲು ಹೋದೆ. ದೇವದುರ್ಗದ ಗುಮಾಸ್ತ ರಿಜಿಸ್ಟರ್ ತಂದು ಮುಂದಿಟ್ಟ. ಒಂದು ವಾರವೂ ತಪ್ಪಿಲ್ಲ. ಬಸ್ಸಿನ ವೇಳೆ, ಸಹಿ, ಪಕ್ಕದಲ್ಲಿ ಕಂಡಕ್ಟರನ ಸಹಿ! ನನಗೆ ಕಣ್ಣು ತುಂಬಿ ಬಂತು. ಆಮೇಲೆ ಡಿಸ್ಕನ್ನು ಲ್ಯಾಪ್‌ಟಾಪಿಗೆ ಹಚ್ಚಿದೆ.

"ಇದರಾಗ ಏನೂ ಇಲ್ಲಲ್ರೀ!"

"ಡಿಸ್ಕ್ ಕಳಿಸ್ರಿ ಅಂತ ಬರ್ದೀರಿ ಸರ್. ತುಂಬಿ ಕಳಿಸ್ರಿ ಅಂತ ಎಲ್ಲಿ ಬರ್ದೀರಿ?"

ಎರಡೂ ಹಾಳೆ ತಿರುವಿದೆ. ಹೌದು, ಬರೆದಿರಲಿಲ್ಲ. ಪುಣ್ಯಾತ್ಮ ಡಿಸ್ಕ್, ಖಾಲಿ ಹೊಟ್ಟೆಯಲ್ಲೇ ನನಗಿಂತ ಹೆಚ್ಚು ಊರು ತಿರುಗಿತ್ತು.

೩. ಮಾನ್ವಿಯ ಪ್ರಾಕ್ಟೀಸ್

ಸಾವಕಾರರು ಸಿಟ್ಟಾಗಿ, ಇನ್ನು ಮುಂದೆ ಡಿಸ್ಕ್ ತುಂಬಿಸಿ ನಾನೇ ಇಟ್ಟುಕೊಳ್ಳುತ್ತೇನೆ ಎಂದರು. ಒಳ್ಳೆಯದೇ ಆಯಿತು ಎಂದು ಒಂದು ದಿನ ತಾಲೀಮು ಇಟ್ಟೆ. ಸಾವಕಾರರ ಮಾನ್ವಿ ಆಫೀಸು ನೋಡಿಕೊಳ್ಳುವ ಹೆಣ್ಣುಮಗಳಿಗೆ ಫೋನ್ ಮಾಡಿದೆ.

"ಅಕ್ಕೋರ, ಇದು ಬರೇ ಪ್ರಾಕ್ಟೀಸ್. ಇಲ್ಲಿ ಕಂಪ್ಯೂಟರ್ ಸುಟ್ಟದ ಅಂತ ತಿಳ್ಕೊಂಡು, ಪ್ಲಾನಿನಾಗ ಇದ್ದಂಗ ಮಾಡ್ರಿ."

"ಆತ್ರಿ ಸರ್."

ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಗೇಟಿನಲ್ಲಿ ಒಂದೇ ಗದ್ದಲ. ಬಾಗಲವಾಡದ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. "ನಮ್ಮ ಚೀಲ ನಮಗ ಕೊಡ್ರಿ!" ಎಂದು ರೈತರು ಕೂಗುತ್ತಿದ್ದರು. ತಟ್ಟೆ ಸರಿಸಿ ಮಾನ್ವಿಗೆ ಫೋನ್ ಹಚ್ಚಿದೆ.

"ಮೊದಲು ರೈತರಿಗೆ ತಿಳಿಸಬೇಕು ಅಂತ ಪ್ಲಾನಿನಾಗ ಅದಲ್ರಿ," ಎಂದರು ಆಕೆ. "ಬಾಗಲವಾಡ ಮುಗೀತು. ಈಗ ಉಳಿದ ಊರಿಗೆ ಫೋನ್ ಮಾಡಾಕತ್ತೀನಿ."

"ಪ್ರಾಕ್ಟೀಸ್ ಅಂತ ಹೇಳಿದ್ನಲ್ರೀ!"

"ಅದಕ್ಕ ಸರ್, ಒಂದು ಊರೂ ಬಿಡಂಗಿಲ್ಲ ಅಂತ ಕುಂತೀನಿ."

೪. ಖರೇನ ಸತ್ತಾಗ

ಟ್ರ್ಯಾಕ್ಟರುಗಳನ್ನು ನೋಡಿದ ಸಾವಕಾರರಿಗೆ ಕಂಪ್ಯೂಟರಿಗೆ ದೃಷ್ಟಿ ತಾಗಿದೆ ಎನಿಸಿತು. ಮುಂದಿನ ಅಮಾವಾಸ್ಯೆಗೆ ಕಾಯಿ ನಿವಾಳಿಸಿ, ಅದರೆದುರೇ ಒಡೆದರು. ಕಾಯಿಯ ನೀರು ನೇರ ಕಂಪ್ಯೂಟರಿನ ಡಬ್ಬಿಯೊಳಗೆ. ಟಪ್ ಅಂತ ಒಂದು ಸದ್ದು, ಅಷ್ಟೇ.

ನಾನು ಓಡಿ ಬರುವಷ್ಟರಲ್ಲಿ ಯಾಪಲದಿನ್ನಿಯ ರೈತನೊಬ್ಬ ಗಾಡಿ ತಂದು ನಿಂತಿದ್ದ. ಅವನ ಚೀಲ ಅಂದೇ ಮಾರುಕಟ್ಟೆಗೆ ಹೋಗಬೇಕಿತ್ತು.

"ಹೆದರಬ್ಯಾಡ್ರಿ ಸಾವಕಾರ್ರ. ಡಿಸ್ಕ್ ಎಲ್ಲದ?"

"ಚೇಂಬರಿನಾಗ, ತಂಪಿನಾಗ ಇಡಿಸೀನಿ. ಮೆಣಸಿನಕಾಯಿ ವರ್ಷಾನುಗಟ್ಲೆ ಕೆಡಂಗಿಲ್ಲ, ಇದು ಕೆಡ್ತದೇನು? ಚೀಲದಾಗ ಹಾಕಿ, ಬಾಯಿ ಹೊಲಿಸಿ, ಉಳಿದ ಚೀಲದ ಜೋಡಿ ಇಡಿಸೀನಿ. ಯಾ ಕಳ್ಳಗೂ ಸಿಗಂಗಿಲ್ಲ."

"ಯಾವ ಚೀಲದಾಗ್ರೀ?"

"ಅದರ ನಂಬರ್ ಬರೆದಿಟ್ಟೀನಲ್ಲ."

"ಎಲ್ಲಿ ಬರೆದಿಟ್ಟೀರಿ?"

ಸಾವಕಾರರು ಮೆಲ್ಲಗೆ ತಿರುಗಿದರು. ನೀರು ತೊಟ್ಟಿಕ್ಕುತ್ತಿದ್ದ ಕಂಪ್ಯೂಟರಿನ ಕಡೆ ನೋಡಿದರು.

ಅಷ್ಟರಲ್ಲಿ ಹಮಾಲರ ಮೇಸ್ತ್ರಿ ಬಾಗಿಲಲ್ಲಿ ಇಣುಕಿದ.

"ಆ ಹಗೂರ ಚೀಲ ಏನ್ರೀ? ಮೂರನೇ ಚೇಂಬರ್, ಎರಡನೇ ಅಟ್ಟ, ಕಂಬದ ಬಾಜೂಕ. ಎತ್ತಿದಾಗ ಅಂದ್ಕೊಂಡೆ, ಇದೇನಪ್ಪಾ ಇಷ್ಟು ಹಗೂರ ಅದ ಅಂತ. ಯಾಪಲದಿನ್ನಿಯವರದು ಅದರ ಹಿಂದನ ಅದ. ಗಾಡಿ ಒಳಗ ಬಿಡ್ರಿ."

ಹತ್ತು ನಿಮಿಷದಲ್ಲಿ ಡಿಸ್ಕೂ ಬಂತು, ರೈತನ ಚೀಲಗಳೂ ಬಂದವು. ಬೆವರಿದ ಡಿಸ್ಕನ್ನು ಒರೆಸಿ, ಆರಿಸಿ, ಏಳು ಸಲ ಸೀನಿ ಲ್ಯಾಪ್‌ಟಾಪಿಗೆ ಹಚ್ಚಿದೆ. ಪಟ್ಟಿ ಪೂರ್ತಿ ಇತ್ತು. ಸಾವಕಾರರ ಕಣ್ಣಲ್ಲಿ ನೀರು. ಖುಷಿಗೋ ಖಾರಕ್ಕೋ ಗೊತ್ತಾಗಲಿಲ್ಲ.

"ಪ್ಲಾನಿನಾಗ ಮೊದಲು ಈ ಮೇಸ್ತ್ರಿ ಹೆಸರು ಬರೀರಿ!" ಎಂದರು.

ಮೇಸ್ತ್ರಿ ತಲೆ ಕೆರೆದುಕೊಂಡ. "ಹಂಗಾದ್ರ ನಾಕು ದಿನ ರಜಾ ಕೊಡ್ರಿ ಯಪ್ಪಾ. ಹೊಳಿ ದಂಡಿ ಮ್ಯಾಲಿನ ಗೂಗಲ್ ಊರಿಗೆ ಹೋಗಿ, ಹೊಳಿಯಾಗ ಈಜಾಡಿ, ಅಲ್ಲಮಪ್ರಭುಗ ಕೈ ಮುಗದು ಬರ್ತೀನಿ."

ಸಾವಕಾರರ ಮುಖ ಬಿಳಿಚಿಕೊಂಡಿತು. ಇಷ್ಟು ದಿನ ನಾನು ಕೇಳುತ್ತಿದ್ದ ಪ್ರಶ್ನೆಯನ್ನು ಮೊದಲ ಸಲ ಅವರೇ ಕೇಳಿದರು.

"ಲೇ, ಹೊಳಿಯಾಗ ನೀ ಮುಳುಗಿದ್ರ ನಮ್ಮ ಗತಿ ಏನೋ?"

"ಸಾವಕಾರ್ರ, ಬಿಡ್ತು ಅನ್ರಿ!" ಎಂದೆ.