ಇಲ್ಲದ ನೀಲಿ ಮೊಟ್ಟೆ

ಕೋಳಿಗೂ ಕಿವಿಯಿದೆ ಮತ್ತು ಆ ಕಿವಿಯ ಹಾಲೆ ನೋಡಿ ಅದು ಇಡಲಿರುವ ಮೊಟ್ಟೆಯ ಬಣ್ಣ ಹೇಳಬಹುದು ಎಂಬುದು ಹಿತ್ತಲ ಕೋಳಿ ನೋಂದಣಿ ಕಚೇರಿಯ ಅಂಗೀಕೃತ ಸತ್ಯ. ಹಾಲೆ ಬಿಳಿಯಾದರೆ ಬಿಳಿ ಮೊಟ್ಟೆ, ಕೆಂಪಾದರೆ ಕಂದು. ಮೂರನೆಯ ಬಣ್ಣಕ್ಕೆ ಅರ್ಜಿಯಲ್ಲಿ ಜಾಗವಿರಲಿಲ್ಲ. ಆದ್ದರಿಂದ ಲೋಕದಲ್ಲೂ ಇರಲಿಲ್ಲ.

ಹೊಲಿಗೆ ಅಕ್ಕನ ಕೋಳಿ ಗುಂಡಮ್ಮ ನೋಂದಣಿಯಾದದ್ದು ಇನ್ನೂ ಮೊಟ್ಟೆಯಿಡದ ವಯಸ್ಸಿನಲ್ಲಿ. ಕಿವಿ ಕೆಂಪು, ಮೊಟ್ಟೆ ಕಂದು ಎಂದು ಬರೆದು ಮೊಹರು ಒತ್ತಿ ಕಳಿಸಿದ್ದರು. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಗುಂಡಮ್ಮ ಹೊಲಿಗೆ ಯಂತ್ರದ ಕೆಳಗಿನ ಚಿಂದಿ ಬುಟ್ಟಿಯಲ್ಲಿ ಕೂತು, ಎದ್ದು, ಓಣಿಗೆಲ್ಲ ಕೇಳುವಂತೆ ಕೂಗಿತು. ಬುಟ್ಟಿಯಲ್ಲಿ ನೀಲಿ ಮೊಟ್ಟೆ! ಅಕ್ಕ ಅದನ್ನು ಬಟ್ಟೆಚೂರಿನಿಂದ ತಿಕ್ಕಿ ತಿಕ್ಕಿ ನೋಡಿದಳು. ಬಣ್ಣ ಹೋಗಲಿಲ್ಲ. ಮಾರನೆಯ ದಿನದ್ದನ್ನು ಒಡೆದು ನೋಡಿದಳು. ಚಿಪ್ಪು ಒಳಗೂ ನೀಲಿಯೇ.

ಮುಚ್ಚುಮರೆ ಗೊತ್ತಿಲ್ಲದ ಹೆಂಗಸು, ಮೊದಲ ಮೊಟ್ಟೆಯನ್ನು ಹಿಡಿದುಕೊಂಡು ನೇರ ಕಚೇರಿಗೆ ಹೋದಳು. ಮಾಡಿದ ತಪ್ಪು ಅದೊಂದೇ.

"ಇದು ನಿಮ್ಮ ಕೋಳಿ ಇಟ್ಟಿದ್ದಲ್ಲ ಕಣಮ್ಮಾ," ಎಂದರು ಮೊಟ್ಟೆ ಪರಿವೀಕ್ಷಕರು, ಕನ್ನಡಕದ ಮೇಲಿಂದ ನೋಡುತ್ತ. "ನಿಮ್ಮ ಕೋಳಿ ಇಡೋದು ಕಂದು. ರಿಜಿಸ್ಟರಲ್ಲಿದೆ."

"ನನ್ನ ಕಣ್ಣೆದುರಿಗೇ ಇಟ್ಟಿತು ಸ್ವಾಮಿ."

"ಹಾಗಾದ್ರೆ ಅದು ನಿಮ್ಮ ಕೋಳೀನೇ ಅಲ್ಲ. ನೋಂದಣಿಯಾದ ಗುಂಡಮ್ಮ ಕಾಣೆಯಾಗಿದೆ. ಅದರ ಜಾಗದಲ್ಲಿ ಯಾವುದೋ ಅನಾಮಧೇಯ ಕೋಳಿ ವಾಸವಾಗಿದೆ. ಎರಡೂ ಅಪರಾಧ."

"ರಿಜಿಸ್ಟರ್ ತಿದ್ದಿಬಿಡಿ ಸ್ವಾಮಿ, ಪುಣ್ಯ ಬರುತ್ತೆ."

"ಧಾರಾಳವಾಗಿ ತಿದ್ದೋಣ. ಅರ್ಜಿ ಜೊತೆ ಗುಂಡಮ್ಮನ ಅಸಲಿ ಮೊಟ್ಟೆ ಒಂದು ಲಗತ್ತಿಸಿ. ಕಂದು ಬಣ್ಣದ್ದು."

ಏಳು ದಿನದೊಳಗೆ ಕಂದು ಮೊಟ್ಟೆ ಹಾಜರಾಗದಿದ್ದಲ್ಲಿ ಅನಾಮಧೇಯ ಕೋಳಿಯನ್ನು ವಶಪಡಿಸಿಕೊಂಡು ವಿಲೇವಾರಿ ಮಾಡಲಾಗುವುದು ಎಂದು ಅಲ್ಲೇ ನೋಟೀಸು ಬರೆದುಕೊಟ್ಟರು. ವಿಲೇವಾರಿ ಶಾಖೆ ಇದ್ದದ್ದು ಕಚೇರಿಯ ಅಡುಗೆಮನೆಯಲ್ಲಿ. ಗಂಡ ಹೋದ ಮೇಲೆ ಮನೆಯಲ್ಲಿ ಅಕ್ಕನ ಮಾತಿಗೆ ಕತ್ತೆತ್ತಿ ನೋಡುವ ಜೀವ ಗುಂಡಮ್ಮ ಒಂದೇ ಆಗಿತ್ತು.

ದಾರಿ ತೋರಿಸಿದವರು ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು. ಅವರ ಕೋಳಿಗಳು ಕಾನೂನಿಗೆ ತಲೆಬಾಗಿ ಕಂದು ಮೊಟ್ಟೆಯನ್ನೇ ಇಡುತ್ತಿದ್ದವು.

"ಅಳ್ತಾ ಕೂತ್ರೆ ಆಗುತ್ತಾ ಅಕ್ಕಾ? ನಮ್ಮನೇದೊಂದು ತಗೊಂಡು ಬುಟ್ಟೀಲಿಡಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು."

ಏಳನೆಯ ದಿನ ಪರಿವೀಕ್ಷಕರು ಬಂದು ಬುಟ್ಟಿಯೊಳಗೆ ಇಣುಕಿ, 'ಗುಂಡಮ್ಮ ಪತ್ತೆಯಾಗಿದೆ' ಎಂದು ಬರೆದುಕೊಂಡರು. ಹೊರಡುವಾಗ ಅವರ ಕಣ್ಣು ಅಡುಗೆಮನೆಯ ಕಪಾಟಿನ ಮೇಲೆ ಬಿತ್ತು. ಅಲ್ಲಿ ತಟ್ಟೆಯಲ್ಲಿ ಐದು ನೀಲಿ ಮೊಟ್ಟೆಗಳಿದ್ದವು.

"ಅವು?"

ಅಕ್ಕ ತಟ್ಟೆಗೆ ಅಡ್ಡ ನಿಂತಳು. "ಅವು... ಇಲ್ಲ ಸ್ವಾಮಿ."

"ಸರಿಯಾಗಿ ಹೇಳಿದ್ರಿ. ಇಲ್ಲದ ವಸ್ತುವನ್ನ ಮನೇಲಿಟ್ಕೊಳ್ಳೋಕೆ ಅವಕಾಶ ಇಲ್ಲ," ಎಂದು ಅವರು ಚೀಲ ಬಿಚ್ಚಿದರು.

ಆ ಮೊಟ್ಟೆಗಳ ರುಚಿ ಮೇಲಧಿಕಾರಿಗಳವರೆಗೆ ಹೋಯಿತು. ವಾರದೊಳಗೆ ಆದೇಶ ಬಂತು: 'ಅಸ್ತಿತ್ವದಲ್ಲಿಲ್ಲದ ಸದರಿ ಮೊಟ್ಟೆಗಳನ್ನು ಪ್ರತಿ ಸೋಮವಾರ ಬೆಳಿಗ್ಗೆ ಹತ್ತರೊಳಗೆ, ಒಡೆಯದಂತೆ, ಕಚೇರಿಗೆ ತಲುಪಿಸತಕ್ಕದ್ದು.' ಅಕ್ಕ ತಲುಪಿಸಿದಳು. ಕೋಳಿ ಉಳಿದರೆ ಸಾಕು, ಮೊಟ್ಟೆ ಹಾಳಾಗಿ ಹೋಗಲಿ ಎಂದುಕೊಂಡಳು.

ಅಷ್ಟರಲ್ಲಿ ಗರಿ ಉದುರುವ ಕಾಲ ಬಂತು. ಗುಂಡಮ್ಮ ಅರೆಬೆತ್ತಲಾಗಿ ಮೂಲೆ ಸೇರಿ ಮೊಟ್ಟೆ ನಿಲ್ಲಿಸಿತು. ಕಚೇರಿಯ ನೋಟೀಸು ಮಾತ್ರ ನಿಲ್ಲಲಿಲ್ಲ: 'ಇಲ್ಲದ ಮೊಟ್ಟೆಗಳು ಎರಡು ವಾರದಿಂದ ಇಲ್ಲವಾಗಿವೆ. ಕಾರಣ ತಿಳಿಸಿ. ತಪ್ಪಿದಲ್ಲಿ ಕೋಳಿಯ ವಿಲೇವಾರಿ.'

ಅಕ್ಕ ಈ ಸಲ ಅಳಲಿಲ್ಲ. ಅಂಗಡಿಯಿಂದ ಆರು ಬಿಳಿ ಮೊಟ್ಟೆ ತಂದು, ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ಟಿನಲ್ಲಿ ಕಲಸಿ, ಒಂದೊಂದನ್ನೇ ಅದ್ದಿ ತೆಗೆದಳು. ಸೋಮವಾರ ಕಚೇರಿಗೆ ಒಯ್ದು ಕೊಟ್ಟಳು. ಪರಿವೀಕ್ಷಕರು ಒಂದನ್ನು ಎತ್ತಿ ನೋಡಿದರು. ಬೆರಳೆಲ್ಲ ನೀಲಿಯಾಯಿತು. ಅವರು ಬೆರಳನ್ನು ನೋಡಿಕೊಂಡರು, ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಮೇಲಧಿಕಾರಿಗಳನ್ನು ನೋಡಿದರು, 'ಅಸಲಿ' ಎಂದು ಬರೆದರು. ವಾರಾಂತ್ಯಕ್ಕೆ ಕಚೇರಿಯಲ್ಲಿ ನೀಲಿಯಾಗದ ಕೈ ಉಳಿದಿರಲಿಲ್ಲ. ತಿಂಗಳ ಕೊನೆಗೆ ನಿಯಮವೇ ಆಯಿತು: ಅಸಲಿ ನೀಲಿ ಮೊಟ್ಟೆ ಕೈಗೆ ಬಣ್ಣ ಹತ್ತಿಸತಕ್ಕದ್ದು.

ಹೊಸ ಗರಿ ತುಂಬಿಕೊಂಡ ಗುಂಡಮ್ಮ ಮತ್ತೆ ಬುಟ್ಟಿ ಹತ್ತಿತು. ಅಕ್ಕ ಸಂತೋಷದಿಂದ ಅದರ ಮೊಟ್ಟೆಗಳನ್ನೇ ಒಯ್ದಳು. ಪರಿವೀಕ್ಷಕರು ಒಂದನ್ನು ಅಂಗೈಯಲ್ಲಿಟ್ಟು ತಿಕ್ಕಿದರು, ಎಂಜಲು ಹಚ್ಚಿ ತಿಕ್ಕಿದರು.

"ಬಣ್ಣ ಬಿಡ್ತಿಲ್ಲ. ನಕಲಿ!" ಎಂದು ಗುಡುಗಿದರು. "ಎಷ್ಟು ಧೈರ್ಯ ಕಣಮ್ಮಾ ನಿಮಗೆ? ನಾಳೆಯೇ ಅಸಲಿ ತಂದುಕೊಡಿ. ಈ ನಕಲಿಗಳು ಮತ್ತೆ ಕಂಡರೆ ಅಲ್ಲಲ್ಲೇ ನೀವೇ ನಾಶ ಮಾಡಬೇಕು, ತಿಳೀತಾ?"

"ತಿಳೀತು ಸ್ವಾಮಿ. ತಪ್ಪಾಯ್ತು."

ಅಂದಿನಿಂದ ಅಕ್ಕ ಪ್ರತಿ ಸೋಮವಾರ ಬಕೆಟ್ಟಿನಿಂದ ತೆಗೆದ ಅಸಲಿ ಮೊಟ್ಟೆಗಳನ್ನು ಕಚೇರಿಗೆ ಮುಟ್ಟಿಸುತ್ತಾಳೆ. ನಕಲಿಗಳನ್ನು ನಾಶಪಡಿಸುವ ಆದೇಶವನ್ನು ದಿನವೂ ಬೆಳಿಗ್ಗೆ, ಮೇಷ್ಟ್ರ ಸಮ್ಮುಖದಲ್ಲಿ, ಉಪ್ಪು ಮೆಣಸು ಹಾಕಿ ಪಾಲಿಸುತ್ತಾಳೆ.