ಮೊಟ್ಟೆಯಣ್ಣನ ಮಸಿ ಡಬ್ಬ

ಬೆಳಗ್ಗೆ ವ್ಯಾನಿನ ಕೀ ತಿರುಗಿಸಿದೊಡನೆ ಮೊಟ್ಟೆಯಣ್ಣನ ಕಣ್ಣೆದುರು ಒಂದು ಕೆಂಪು ದೀಪ ಹತ್ತಿಕೊಂಡಿತು. ದೀಪವೇನೋ ಕಡಲೆಕಾಳಿನಷ್ಟು ಚಿಕ್ಕದು. ಆದರೂ ಅದನ್ನು ಕಂಡು ಅವನ ಎದೆ ಧಸಕ್ಕೆಂದಿತು. ಅಂದು ಮಧ್ಯಾಹ್ನವೇ ವ್ಯಾನಿನ ಹೊಗೆ ತಪಾಸಣೆಯಿತ್ತು.

ಪೇಟೆಯ ಅಂಗಡಿಗಳಿಗೆಲ್ಲ ಮೊಟ್ಟೆ ಹಾಕುವವನಾದ್ದರಿಂದ ಬೀದಿಯವರಿಗೆಲ್ಲ ಅವನು ಮೊಟ್ಟೆಯಣ್ಣ. ಅವನ ಡೀಸೆಲ್ ವ್ಯಾನು ಅವನ ಮದುವೆಗಿಂತ ಹಳೆಯದು. ಮದುವೆಗಿಂತ ಕಡಿಮೆ ರಿಪೇರಿ ಕೇಳಿದೆ ಎಂದು ಹೆಂಡತಿ ಹತ್ತಿರವಿಲ್ಲದಾಗ ಹೇಳಿಕೊಳ್ಳುತ್ತಿದ್ದ. ಹಳೆಯ ಎಂಜಿನ್ನುಗಳ ಹೊಗೆ ಇಳಿಸಬೇಕೆಂಬ ಆಜ್ಞೆ ಬಂದ ಮೇಲೆ ಅದರ ಸೈಲೆನ್ಸರಿಗೆ ಒಂದು ಫಿಲ್ಟರ್ ಕೂಡಿಸಿದ್ದ. ಹೊಗೆಯೊಳಗಿನ ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಬೀದಿಯವರು ಅದಕ್ಕೆ ಮಸಿ ಡಬ್ಬ ಎಂದು ಹೆಸರಿಟ್ಟರು. ಡಬ್ಬ ಭರ್ತಿಯಾಯಿತೆಂದರೆ ಕೆಂಪು ದೀಪ ಉರಿಯುತ್ತದೆ.

ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್ ಬಗ್ಗಿ ನೋಡುವ ಗೋಜಿಗೂ ಹೋಗಲಿಲ್ಲ.

"ಅಣ್ಣಾ, ನೀವು ಗಾಡಿ ಓಡಿಸ್ತೀರೋ, ಮೆರವಣಿಗೆ ಮಾಡ್ತೀರೋ? ಡಬ್ಬ ಚೆನ್ನಾಗಿ ಕಾದ್ರೆ ಒಳಗಿನ ಮಸಿ ತಾನೇ ಸುಟ್ಟುಹೋಗುತ್ತೆ. ನೀವು ಯಾವತ್ತೂ ಜೋರಾಗಿ ಹೋಗಲ್ಲ, ಅದು ಯಾವತ್ತೂ ಕಾಯಲ್ಲ. ಹೈವೇಗೆ ಹೋಗಿ ಅರ್ಧ ಗಂಟೆ ಒಂದೇ ಸಮ ಜೋರಾಗಿ ಓಡಿಸಿ. ಎಲ್ಲೂ ನಿಲ್ಲಿಸಬೇಡಿ."

"ನಿಲ್ಲಿಸಿದ್ರೆ?"

"ತಣ್ಣಗಾಗುತ್ತೆ. ಮತ್ತೆ ಮೊದಲಿಂದ."

ಜೋರಾಗಿ ಎಂಬ ಮಾತು ಕೇಳಿಯೇ ಮೊಟ್ಟೆಯಣ್ಣನಿಗೆ ಬೆವರಿಳಿಯಿತು. ಮೊಟ್ಟೆ ಒಡೆಯಬಾರದೆಂದು ಇಷ್ಟು ಕಾಲ ಅವನು ವ್ಯಾನನ್ನು ತೊಟ್ಟಿಲು ತೂಗಿದಂತೆ ಓಡಿಸಿದ್ದ. ಸೈಕಲ್ಲಿನವರು ಬೆಲ್ ಹೊಡೆದು ಅವನನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಒಮ್ಮೆ ನಾಯಿಯೊಂದು ಅಟ್ಟಿಸಿಕೊಂಡು ಬಂದು, ಬೇಸರ ಬಂದು ಪಕ್ಕದಲ್ಲೇ ನಡೆದುಕೊಂಡು ಹೋಗಿತ್ತು.

ಮನೆಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಬಂದಿತ್ತು. ಹೆಂಡತಿಯ ತಮ್ಮ ಬಾಗಿಲಲ್ಲೇ ನಿಂತು ಹೇಳಿದ. "ಭಾವ, ಫೇಲ್ ಆದ್ರೆ ಗಾಡೀನ ಅಲ್ಲೇ ಇಟ್ಕೋತಾರಂತೆ."

"ಯಾರು ಹೇಳಿದ್ದು?"

"ಎಲ್ರೂ ಹೇಳ್ತಾರೆ."

"ವ್ಯಾನ್ ಹೋದ್ರೆ ಏನ್ರೀ ಮಾಡ್ತೀರಾ? ಮೊಟ್ಟೆ ತಲೆ ಮೇಲೆ ಹೊತ್ಕೊಂಡು ಹೋಗ್ತೀರಾ?" ಎಂದಳು ಹೆಂಡತಿ. ಆ ವ್ಯಾನು ಬಿಟ್ಟರೆ ಅವನಿಗೆ ಬೇರೆ ಜೀವನೋಪಾಯ ಇರಲಿಲ್ಲ.

ಅವನು ಒಬ್ಬನೇ ಹೊರಡಬೇಕೆಂದಿದ್ದ. ಆದರೆ ಭಾವಮೈದುನ ಧೈರ್ಯ ಹೇಳಲೆಂದು ವ್ಯಾನು ಹತ್ತಿದ. ಮಹಡಿಯ ಮೇಲಿನ ನಿವೃತ್ತ ಮೇಷ್ಟ್ರು ಗಡಿಯಾರ ನೋಡಲೆಂದು ಹತ್ತಿದರು. ಪಕ್ಕದ ಮನೆಯ ದೊಡ್ಡಮ್ಮ, "ಹೈವೇ ಪಕ್ಕದಲ್ಲೇ ನಮ್ಮ ಮಗಳ ಮನೆ ಕಣಪ್ಪ" ಎನ್ನುತ್ತ ಯಾರನ್ನೂ ಕೇಳದೆ ಮುಂದಿನ ಸೀಟಿನಲ್ಲಿ ಕೂತರು. ಅವರ ತೊಡೆಯ ಮೇಲೆ ಒಂದು ಟ್ರೇ ಮೊಟ್ಟೆಯಿತ್ತು.

"ದೊಡ್ಡಮ್ಮಾ, ಮೊಟ್ಟೆ ಬೇಡ. ಇವತ್ತು ಜೋರಾಗಿ ಹೋಗ್ಬೇಕು."

"ಹೋಗು, ಯಾರು ಬೇಡ ಅಂದ್ರು? ನಾನು ಹಿಡ್ಕೊಂಡಿರ್ತೀನಿ."

ಹೈವೇ ಬಂತು. ಮೊಟ್ಟೆಯಣ್ಣ ಆಕ್ಸಿಲರೇಟರ್ ಒತ್ತಿದ. ಕಾಲು ಸ್ವಲ್ಪ ಒತ್ತಿ, ಟ್ರೇ ನೆನಪಾಗಿ ಹಿಂದೆ ಬಂತು. ಮತ್ತೆ ಒತ್ತಿದ. ಮತ್ತೆ ಬಂತು. ಹಿಂದಿನಿಂದ ಲಾರಿಗಳು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದವು.

"ಅಲ್ಲಯ್ಯಾ, ನಾನು ನಡ್ಕೊಂಡು ಬಂದಿದ್ರೆ ಇಷ್ಟೊತ್ತಿಗೆ ಮುಂದಿರ್ತಿದ್ದೆ" ಎಂದರು ಮೇಷ್ಟ್ರು.

ಕೊನೆಗೆ ಹೇಗೋ ಕಣ್ಣು ಕಿರಿದು ಮಾಡಿಕೊಂಡು ವೇಗ ಏರಿಸಿದ. ಡಬ್ಬ ಇನ್ನೇನು ಕಾಯಬೇಕು, ದೊಡ್ಡಮ್ಮ ಸ್ಟೇರಿಂಗಿನ ಮೇಲೆ ಕೈ ಹಾಕಿದರು. "ಇಲ್ಲೇ ಇಲ್ಲೇ, ಮಗಳ ಮನೆ!" ನಿಲ್ಲಿಸಿದ. ಮಗಳ ಮನೆಗೆ ಬೀಗ ಹಾಕಿತ್ತು. ದೊಡ್ಡಮ್ಮ ಎದುರುಮನೆಯವರ ಹತ್ತಿರ ಮಗಳ ಯೋಗಕ್ಷೇಮ ವಿಚಾರಿಸಿ, ಅವರ ಸೊಸೆಯ ಯೋಗಕ್ಷೇಮವನ್ನೂ ವಿಚಾರಿಸಿ, ಟ್ರೇ ಸಮೇತ ವಾಪಸು ಬಂದರು.

"ತಣ್ಣಗಾಯ್ತು. ಮೊದಲಿಂದ" ಎಂದರು ಮೇಷ್ಟ್ರು, ಗಡಿಯಾರ ನೋಡಿ.

ಎರಡನೆಯ ಸಲ ಮೇಷ್ಟ್ರಿಗೇ ಅವಸರವಾಯಿತು. ರಸ್ತೆಬದಿಯ ಮರ ಅವರಿಗೆ ಒಪ್ಪಿಗೆಯಾಗಲಿಲ್ಲ, ಪೆಟ್ರೋಲ್ ಬಂಕೇ ಬೇಕಾಯಿತು. ಮೂರನೆಯ ಸಲ ಭಾವಮೈದುನನಿಗೆ ಹಳೆಯ ಗೆಳೆಯನೊಬ್ಬ ಕಾಣಿಸಿದ. ನಿಲ್ಲಿಸಿ ನೋಡಿದರೆ ಗೆಳೆಯನಲ್ಲ, ಗೆಳೆಯನ ಹಾಗಿರುವವನು. ಕೆಂಪು ದೀಪ ಮಾತ್ರ ಸ್ವಲ್ಪವೂ ಬೇಸರವಿಲ್ಲದೆ ಉರಿಯುತ್ತಲೇ ಇತ್ತು. ತಪಾಸಣೆಯ ಹೊತ್ತು ಹತ್ತಿರವಾಗುತ್ತಿತ್ತು. ಮೊಟ್ಟೆಯಣ್ಣನಿಗೆ ನಿಜವಾಗಿಯೂ ಅಳು ಬಂದಿತ್ತು, ಆದರೆ ಮೂರು ಜನರ ಮುಂದೆ ಅಳುವುದು ಹೇಗೆಂದು ಮತ್ತೆ ಗೇರ್ ಹಾಕಿದ.

ಆಗ ದೊಡ್ಡಮ್ಮ ಎದೆ ಹಿಡಿದುಕೊಂಡರು. "ಅಯ್ಯೋ! ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ ಕಣಪ್ಪ!"

ದೊಡ್ಡಮ್ಮನ ಮನೆಗೂ ಮೊಟ್ಟೆಯಣ್ಣನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅದು ನೆನಪಾದದ್ದೇ ತಡ, ಅವನ ಕಾಲು ನೆಲ ಮುಟ್ಟುವವರೆಗೆ ಒತ್ತಿತು. ವ್ಯಾನು ಒಮ್ಮೆ ನಡುಗಿ, ತನಗೂ ಓಡಲು ಬರುತ್ತದೆಂದು ಆಗಷ್ಟೇ ಗೊತ್ತಾದಂತೆ ಮುನ್ನುಗ್ಗಿತು. ಬಸ್ಸುಗಳನ್ನು ಹಿಂದೆ ಹಾಕಿತು. ಹಾರ್ನ್ ಹೊಡೆದ ಲಾರಿಗಳನ್ನೂ ಹಿಂದೆ ಹಾಕಿತು. ತಿರುವೊಂದರಲ್ಲಿ ಟ್ರೇ ಹಾರಿ ಮೇಷ್ಟ್ರ ಮಡಿಲು ಸೇರಿತು. ಮೊಟ್ಟೆಯ ಲೋಳೆಯಲ್ಲಿ ಗಡಿಯಾರ ಮುಚ್ಚಿಹೋಯಿತು. ಅರ್ಧ ಗಂಟೆ ಯಾರೂ ನಿಲ್ಲಿಸು ಎನ್ನಲಿಲ್ಲ, ಎನ್ನಲು ಬಾಯಿ ಬಂದರೆ ತಾನೇ! ಅಡಿಯಿಂದ ಕಾದ ಕಬ್ಬಿಣದ ವಾಸನೆ ಎದ್ದಿತು.

ಮನೆ ಮುಂದೆ ಇಳಿದು ದೊಡ್ಡಮ್ಮ ಒಳಗೋಡಿ, ನಗುತ್ತ ಹೊರಗೆ ಬಂದರು. "ಹಾಲಿಟ್ಟಿದ್ದೆ ಕಣಪ್ಪ. ಒಲೆ ಹಚ್ಚಿರಲಿಲ್ಲ."

ಮೊಟ್ಟೆಯಣ್ಣ ಬೈಯಲೆಂದು ಬಾಯಿ ತೆರೆದವನು ಹಾಗೇ ನಿಂತ. ಕೆಂಪು ದೀಪ ಆರಿಹೋಗಿತ್ತು.

ತಪಾಸಣಾ ಕಚೇರಿಯ ಅಂಗಳ ಮಧ್ಯಾಹ್ನವೇ ಸಂಜೆಯಾದಂತೆ ಕಪ್ಪಾಗಿತ್ತು. ಸರದಿಯಲ್ಲಿ ಮುಂದಿದ್ದ ಸಿಮೆಂಟ್ ಲಾರಿ ಬಿಟ್ಟ ಹೊಗೆಗೆ ತಪಾಸಣೆ ಮಾಡುತ್ತಿದ್ದವರೇ ಕೆಲಹೊತ್ತು ಕಾಣೆಯಾದರು. ಲಾರಿ ಫೇಲಾಯಿತು. ಅದರ ಹಿಂದಿನ ಟೆಂಪೋ ಕೂಡ ಫೇಲಾಯಿತು. ಮೊಟ್ಟೆಯಣ್ಣನ ಸರದಿ ಬಂದಾಗ ಭಾವಮೈದುನ, ಮೇಷ್ಟ್ರು, ದೊಡ್ಡಮ್ಮ ಮೂವರೂ ಉಸಿರು ಬಿಗಿಹಿಡಿದು ನಿಂತರು. ಅಲ್ಲಿಗೂ ಅವರು ಬಂದಿದ್ದರೆಂದು ಬೇರೆ ಹೇಳಬೇಕಿಲ್ಲ.

ಅಧಿಕಾರಿ ಯಂತ್ರದ ನಳಿಕೆಯನ್ನು ಸೈಲೆನ್ಸರಿಗೆ ತೂರಿಸಿ ನೋಡಿದ. ಅದರಲ್ಲಿ ಹೊಗೆಯೇ ಕಾಣದೆ, ಯಂತ್ರ ಕೆಟ್ಟಿದೆಯೆಂದು ಇನ್ನೊಂದು ತರಿಸಿದ. ಅದೂ ಕೆಟ್ಟಿದೆಯೆಂದು ಕೊನೆಗೆ ತನ್ನ ಬಿಳಿ ಕರವಸ್ತ್ರವನ್ನೇ ಸೈಲೆನ್ಸರಿನ ಬಾಯಿಗೆ ಹಿಡಿದ. ಕರವಸ್ತ್ರ ಬಿಳಿಯಾಗಿಯೇ ಉಳಿಯಿತು.

"ಇಷ್ಟು ಹಳೇ ಎಂಜಿನ್ನು, ಇಷ್ಟು ಶುದ್ಧ! ಪಾಸ್ ಕಣ್ರೀ!"

ಮೂವರೂ ಚಪ್ಪಾಳೆ ತಟ್ಟಿದರು. ಮೊಟ್ಟೆಯಣ್ಣನಿಗೆ ಹೋದ ಜೀವ ಬಂದಂತಾಯಿತು. ಅಷ್ಟು ಸಂತೋಷ ಅವನಿಗೆ ಬಹಳ ಕಾಲದಿಂದ ಆಗಿರಲಿಲ್ಲ. ಕೀಗೆಂದು ಕೈ ಚಾಚಿದ. ಅಧಿಕಾರಿ ಕೀಯನ್ನು ತನ್ನ ಜೇಬಿಗೆ ಹಾಕಿಕೊಂಡ.

"ಇಂಥದ್ದನ್ನೇ ಹುಡುಕ್ತಾ ಇದ್ವಿ ನಾವು. ಹಳೇ ಡೀಸೆಲ್ ಗಾಡೀನೂ ಹೀಗಿರಬಹುದು ಅಂತ ಜನಕ್ಕೆ ತೋರಿಸೋಕೆ ಒಂದು ಮಾದರಿ ಗಾಡಿ ಬೇಕು ಅಂತ ಮೇಲಿಂದ ಆದೇಶ ಆಗಿದೆ. ಕಚೇರಿ ಮುಂದೆ ನಿಲ್ಲಿಸ್ತೀವಿ. ಒಂದು ವರ್ಷ ಇಲ್ಲೇ ಇರುತ್ತೆ."

"ಸಾರ್, ನಾನು ಅಂಗಡಿಗಳಿಗೆ ಮೊಟ್ಟೆ ಹಾಕ್ಬೇಕಲ್ಲ? ಬೆಳಗ್ಗೆ ಓಡಿಸ್ಕೊಂಡು ಮಧ್ಯಾಹ್ನ ತಂದು ನಿಲ್ಲಿಸ್ತೀನಿ ಸಾರ್."

"ಒಳ್ಳೇ ಕಥೆ! ಓಡಿಸಿದ್ರೆ ಮಸಿ ಹಿಡಿಯುತ್ತಲ್ರೀ."

ಮೊಟ್ಟೆಯಣ್ಣ ಕೇಳಿದ. "ಹಾಗಾದ್ರೆ ಫೇಲ್ ಆದ ಗಾಡಿಗಳು?"

"ಅವರಿಗೆ ಇನ್ನೊಂದು ವರ್ಷ ಅವಕಾಶ ಕೊಟ್ಟಿದ್ದೀವಿ, ಓಡಿಸ್ಕೊಳ್ಳಲಿ. ಪಾಪ, ಹೊಟ್ಟೆಪಾಡು ಅಲ್ವಾ?"

ಊರಿಗೆ ವಾಪಸು ಬರಲು ಸಿಮೆಂಟ್ ಲಾರಿಯವನೇ ಜಾಗ ಕೊಟ್ಟ. ದೊಡ್ಡಮ್ಮ ಮುಂದೆ ಕೂತರು. ಭಾವಮೈದುನ ಕಚೇರಿ ಮುಂದೆ ವ್ಯಾನಿನ ಜೊತೆ ಫೋಟೋ ತೆಗೆಸಿಕೊಂಡು ಕೊನೆಗೆ ಹತ್ತಿದ. ಲಾರಿ ಹೊರಟೊಡನೆ ಒಳಗೂ ಹೊರಗೂ ಕರಿಹೊಗೆ ಕವಿಯಿತು.

"ಮುಂದಿನ ವಾರ ಇದಕ್ಕೂ ಆ ಡಬ್ಬ ಹಾಕಿಸ್ಬೇಕು ಅಣ್ಣಾ" ಎಂದ ಲಾರಿಯವನು, ನಾಚಿಕೆಯಿಂದ.

ಮೊಟ್ಟೆಯಣ್ಣ ಕೆಮ್ಮಿದ, ಕಣ್ಣೊರೆಸಿಕೊಂಡ, ಮತ್ತೆ ಕೆಮ್ಮಿದ. ಆಮೇಲೆ ಲಾರಿಯವನ ಕೈ ಹಿಡಿದುಕೊಂಡು, "ಬೇಡ ತಮ್ಮಾ" ಎಂದ.