ನಡುಮನೆಯ ಭೂಸ್ವಾಧೀನ

ಮನುಷ್ಯನಿಗೆ ವಯಸ್ಸಿಗೆ ತಕ್ಕ ಹುಚ್ಚು ಇರಬೇಕಂತೆ. ನಲವತ್ತು ದಾಟಿದ ಹೆಂಗಸಿಗೆ ಸೀರೆಯ ಹುಚ್ಚೋ, ಸೈಟಿನ ಹುಚ್ಚೋ, ತೀರ್ಥಯಾತ್ರೆಯ ಹುಚ್ಚೋ ಇದ್ದರೆ ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ. ನನಗಿರುವುದು ಆಟದ ರೈಲಿನ ಹುಚ್ಚು. ಹೊಸಕೋಟೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ನಾನು, ಸಂಜೆ ಮನೆಗೆ ಬಂದು ಕಾಫಿ ಕುಡಿದವಳೇ ಸ್ಟೋರ್ ರೂಮಿನ ನೆಲದ ಮೇಲೆ ಮಂಡಿಯೂರಿ ಕೂತು ರೈಲು ಬಿಡುತ್ತೇನೆ. ಬೆಂಗಳೂರಿನ ಅಂಗಡಿಗೆ ಹೋದಾಗಲೆಲ್ಲ ಕೌಂಟರಿನ ಹುಡುಗಿ ಅಕ್ಕರೆಯಿಂದ ಕೇಳುವ ಪ್ರಶ್ನೆ ಒಂದೇ: "ಮಗೂಗೆ ಎಷ್ಟು ವರ್ಷ ಮೇಡಂ?" ಮೊದಮೊದಲು ಎಂಟು, ಹತ್ತು ಎಂದು ಸುಳ್ಳು ಹೇಳುತ್ತಿದ್ದೆ. ಈಗ ಧೈರ್ಯ ಬಂದಿದೆ. "ನಲವತ್ತಾರು" ಎನ್ನುತ್ತೇನೆ.

ಈ ಆಟದ ರೈಲು ಮಾಡುವವರ ಲೋಕವೇ ಬೇರೆ. ಜರ್ಮನಿಯವರ ಎಂಜಿನ್ನಿನಲ್ಲಿ ನಿಜವಾದ ಎಂಜಿನ್ನಿಗಿರುವಷ್ಟೇ ಮೊಳೆಗಳಿರುತ್ತವೆ. ಬೆಲೆಯೂ ಅದಕ್ಕಿಂತ ಬಹಳ ಕಡಿಮೆಯೇನಿರುವುದಿಲ್ಲ. ಜಪಾನಿನವರು ಮಾಡುವುದು ಎಷ್ಟು ಪುಟ್ಟದೆಂದರೆ ನನ್ನ ಕನ್ನಡಕ ಹಾಕಿ, ಅದರ ಮೇಲೆ ನನ್ನ ಗಂಡನ ಕನ್ನಡಕವನ್ನೂ ಹಾಕಿಕೊಂಡರೆ ಮಾತ್ರ ಚಕ್ರ ಹಳಿಯ ಮೇಲಿದೆಯೋ ಇಲ್ಲವೋ ತಿಳಿಯುತ್ತದೆ. ಪ್ರತಿ ವರ್ಷ ಇವರೆಲ್ಲ "ಹೊಸದು ಬಂತು, ಹೊಸದು ಬಂತು" ಎಂದು ಡಂಗುರ ಹೊಡೆಯುತ್ತಾರೆ. ನೋಡಿದರೆ ಹೋದ ವರ್ಷದ ಹಸಿರು ಎಂಜಿನ್ನಿಗೆ ಈ ವರ್ಷ ಕೆಂಪು ಬಣ್ಣ ಬಳಿದಿರುತ್ತಾರೆ. ಒಮ್ಮೆ ಎಣ್ಣೆ ಹನಿಸಿದರೆ ಹೊಗೆಯುಗುಳುವ ಎಂಜಿನ್ ತರಿಸಿದ್ದೆ. ಅದು ಬುಸುಬುಸು ಹೊಗೆ ಬಿಡುತ್ತಾ ಒಂದು ಸುತ್ತು ಬಂದಾಗ ನನ್ನ ಕಣ್ಣಲ್ಲಿ ನೀರಾಡಿತು. ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇಟ್ಟಿರುವ ನನ್ನ ಗಂಡ ನಾರಾಯಣಸ್ವಾಮಿ ಬಾಗಿಲಲ್ಲಿ ನಿಂತು ನೋಡಿ, "ಸೊಳ್ಳೆ ಹೋಗುತ್ತಾ ಇದಕ್ಕೆ?" ಎಂದು ಕೇಳಿದರು. ಪ್ರಯಾಣಿಕರ ಬೊಂಬೆಗಳನ್ನು ಬೇರೆಯಾಗಿ ಕೊಳ್ಳಬೇಕು. ಎಲ್ಲರೂ ಕೋಟು, ಟೋಪಿಯವರು. ಒಬ್ಬನಾದರೂ ಬಾಗಿಲಿಗೆ ಜೋತುಬಿದ್ದಿರುವುದಿಲ್ಲ, ಒಬ್ಬಳ ಕೈಯಲ್ಲಾದರೂ ಊಟದ ಡಬ್ಬಿ ಇರುವುದಿಲ್ಲ. ಅಂಥ ರೈಲಿನಲ್ಲಿ ಯಾರಿಗೆ ತಾನೇ ಹತ್ತಬೇಕು ಅನ್ನಿಸುತ್ತದೆ?

ನಮ್ಮ ದೇಶದ ರೈಲುಗಳನ್ನು ಮಾಡುವವರು ಬೆರಳೆಣಿಕೆಯಷ್ಟು ಜನ. ಅವರ ಜಾಹೀರಾತಿನಲ್ಲಿ ಸದಾ ಇರುವ ಮಾತು "ಶೀಘ್ರದಲ್ಲೇ". ನಮ್ಮ ಬೀದಿಯ ಒಳಚರಂಡಿ ಕೆಲಸದ ಬೋರ್ಡಿನಲ್ಲೂ ಇದೇ ಮಾತಿದೆ. ಎರಡಕ್ಕೂ ಅರ್ಥ ಒಂದೇ. ಆದರೂ ಅವರನ್ನು ಬೈಯಲು ನನಗೆ ಬಾಯಿ ಬಾರದು. ಕಿಟಕಿಯ ಅಡ್ಡ ಸರಳುಗಳ ಸಮೇತ ನಮ್ಮ ಬೋಗಿಯನ್ನು ನಮ್ಮದೆನ್ನುವ ಹಾಗೆ ಮಾಡುವವರು ಅವರೇ ತಾನೆ. ಈ ಸಲ ಅವರು ನಮ್ಮ ಈಗಿನ ಕೆಂಪು ಬೋಗಿಗಳ ಉದ್ದನೆಯ ರೈಲನ್ನು ತರುತ್ತೇವೆ ಎಂದರು. ತಂದೂಬಿಟ್ಟರು! ಪೆಟ್ಟಿಗೆ ಮನೆಗೆ ಬಂದ ದಿನ ನಾನು ಅನ್ನಕ್ಕಿಡುವುದನ್ನೂ ಮರೆತೆ. ಬೋಗಿಗಳನ್ನು ಒಂದೊಂದಾಗಿ ಹಳಿಯ ಮೇಲೆ ಕೂರಿಸಿ ಬಿಟ್ಟೆ. ನೇರ ದಾರಿಯಲ್ಲಿ ರಾಜಗಾಂಭೀರ್ಯದಿಂದ ಹೋದ ರೈಲು, ತಿರುವು ಬಂದದ್ದೇ ತಡ, ಬೋಗಿಯ ಮೇಲೆ ಬೋಗಿ ಮಗುಚಿಕೊಂಡು ಬಿತ್ತು. ಪೆಟ್ಟಿಗೆಯ ತಳದಲ್ಲಿ ಇರುವೆಗಾತ್ರದ ಅಕ್ಷರಗಳಿದ್ದವು: ಉದ್ದನೆಯ ಬೋಗಿಗಳಿಗೆ ಅಗಲವಾದ ತಿರುವು ಬೇಕು. ಅಷ್ಟು ಅಗಲ ನನ್ನ ಸ್ಟೋರ್ ರೂಮಿಗೇ ಇರಲಿಲ್ಲ.

ದುಃಖ ತಡೆಯಲಾರದೆ ನಮ್ಮ ಆಟದ ರೈಲಿನವರ ವಾಟ್ಸಾಪ್ ಗುಂಪಿನಲ್ಲಿ ಹೇಳಿಕೊಂಡೆ. ಗುಂಪಿನ ಹಿರಿಯರು ಶ್ರೀಧರ್ ಎಂದು, ಬೆಂಗಳೂರಿನಲ್ಲಿರುವ ನಿವೃತ್ತ ಎಂಜಿನಿಯರು. ರೈಲಿಗೆಂದೇ ಮನೆಯ ಮೇಲೊಂದು ಮಹಡಿ ಕಟ್ಟಿಸಿದವರು. "ಮೇಡಂ, ಈ ಗಾಡಿಗೆಲ್ಲ ದೊಡ್ಡ ಹಾಲ್ ಬೇಕು. ಸ್ಟೋರ್ ರೂಮಲ್ಲಿ ಆಗೋ ಮಾತಲ್ಲ ಇದು. ನಮ್ಮ ಮನೆಗೆ ತನ್ನಿ, ನಾನೇ ಓಡಿಸಿ ತೋರಿಸ್ತೀನಿ" ಎಂದರು. ನನ್ನ ರೈಲನ್ನು ಅವರು ಓಡಿಸಿ ನನಗೆ ತೋರಿಸುವುದೆ! ನೆತ್ತಿಗೇರಿದ ಸಿಟ್ಟಿನಲ್ಲಿ, "ಭಾನುವಾರ ನೀವೇ ಹೊಸಕೋಟೆಗೆ ಬನ್ನಿ ಸಾರ್, ನಮ್ಮ ಮನೇಲೇ ಓಡುತ್ತೆ" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಡೀ ಗುಂಪು ಓದಿಯಾಗಿತ್ತು. ಅಳತೆ ಟೇಪು ಹುಡುಕಿದ್ದು ಆಮೇಲೆ.

ಅಳೆದು ನೋಡಿದಾಗ ದಾರಿಯೊಂದು ಕಾಣಿಸಿತು. ಹಳಿ ಸ್ಟೋರ್ ರೂಮಿನ ಬಾಗಿಲು ದಾಟಿ ನಡುಮನೆಗೆ ಬರಬೇಕು, ಬೀದಿ ಕಿಟಕಿಯ ಹತ್ತಿರ ಆರಾಮವಾಗಿ ತಿರುಗಬೇಕು, ವಾಪಸ್ ಸ್ಟೋರ್ ರೂಮಿನ ನೇರ ಹಳಿಗೆ ಹೋಗಿ ನಿಲ್ಲಬೇಕು. ಅಡ್ಡಿ ಒಂದೇ. ಆ ಕಿಟಕಿಯ ಕೆಳಗೆ ನನ್ನ ಅತ್ತೆ ಮುನಿಯಮ್ಮನವರ ಮಂಚವಿತ್ತು. ಮಂಚದ ಮೇಲೆ ಅತ್ತೆ, ಮಂಚದ ಕೆಳಗೆ ಅವರ ಟ್ರಂಕು, ಕುಂಬಳಕಾಯಿ, ತೆಂಗಿನಕಾಯಿ, ರಾಗಿ ತುಂಬಿದ ಡಬ್ಬಗಳು. ನಂದಗುಡಿ ಕಡೆಯ ನಮ್ಮೂರಿನಲ್ಲಿ ಈಗಲೂ ಹೊಲ ಮಾಡಿಸುವವರು ಅವರೇ. ಹಿಂದೊಮ್ಮೆ ಯಾವುದೋ ಯೋಜನೆಗೆಂದು ಊರಿಗೆ ಸರ್ವೆಯವರು ಬಂದಾಗ, ಹೆಂಗಸರನ್ನೆಲ್ಲ ಕಟ್ಟಿಕೊಂಡು ಬದುವಿನ ಮೇಲೆ ಕೂತು ವಾಪಸ್ ಕಳಿಸಿದವರು. ಅಂಥವರ ಮಂಚದ ಕೆಳಗೆ ಟೇಪು ಹಿಡಿದು ತೆವಳುವ ಮೊದಲು ನಾನು ಸ್ವಲ್ಪ ಯೋಚನೆ ಮಾಡಬೇಕಿತ್ತು.

"ಏನವ್ವಾ ಅಳೀತಾ ಇದೀಯಾ?" ಮೇಲಿನಿಂದ ದನಿ ಬಂತು.

"ಏನಿಲ್ಲ ಅತ್ತೆ, ಸುಮ್ನೆ."

"ಸುಮ್ನೆ ಅಂತಾನೇ ಅವ್ರೂ ಅಳೆದ್ರು."

ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ನಿಜ ಹೇಳಿದೆ. ಮಂಚವನ್ನು ದೇವರ ಮನೆಯ ಪಕ್ಕಕ್ಕೆ ಹಾಕಿದರೆ ಗಾಳಿ ಚೆನ್ನಾಗಿ ಬರುತ್ತದೆ ಎಂದು ಪುಸಲಾಯಿಸಿದೆ. "ಗಾಳಿ ಅಷ್ಟು ಚೆಂದಾಗಿದ್ರೆ ರೈಲನ್ನೇ ಅಲ್ಲಿ ಬುಡು" ಎಂದರು. ನಾನು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುವವರು. ಕೆಳಗಿಳಿದು ಟ್ರಂಕಿನಿಂದ ಹಸಿರು ಶಾಲು ತೆಗೆದು ಹೊದ್ದುಕೊಂಡು, ಮಂಚದ ನಟ್ಟನಡುವೆ ಚಕ್ಕಂಬಟ್ಟಲು ಹಾಕಿ ಕೂತುಬಿಟ್ಟರು. ಮಧ್ಯಾಹ್ನದ ಮುದ್ದೆಯೂ ಅಲ್ಲೇ, ಸಂಜೆಯ ಕಾಫಿಯೂ ಅಲ್ಲೇ. ಗಂಡನ ಮುಂದೆ ಗೋಳು ಹೇಳಿಕೊಂಡರೆ, "ನೋಟಿಫಿಕೇಷನ್ ಕೊಡ್ದೆ ಸರ್ವೆಗೆ ಇಳಿದಿದ್ದು ನಿಂದೇ ತಪ್ಪು ಕಣೇ" ಎಂದು ನಕ್ಕರು. ನನಗೆ ಅಳುವೇ ಬಂತು. ಭಾನುವಾರ ಶ್ರೀಧರ್ ಬಂದು, ಮಗುಚಿದ ಬೋಗಿಗಳನ್ನು ನೋಡಿ, ಪಾಪ ಎನ್ನುವ ಮುಖ ಮಾಡುವುದನ್ನು ನೆನೆಸಿಕೊಂಡರೆ ಅನ್ನ ಸೇರುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ನನ್ನ ಗಂಡ ಇಬ್ಬರಿಗೂ ಕಾಫಿ ಕೊಟ್ಟು ನಡುವೆ ಕುರ್ಚಿ ಹಾಕಿಕೊಂಡು ಕೂತರು. ಅತ್ತೆ ಗಂಟಲು ಸರಿಮಾಡಿಕೊಂಡರು. "ಮಂಚ ಕಿಟಕಿ ಬುಟ್ಟು ಅಲ್ಲಾಡಾಕಿಲ್ಲ. ಬೇಕಾದ್ರೆ ನಿನ್ ರೈಲು ಮಂಚದ ಕೆಳಗೆ ತೂರ್ಕೊಂಡು ಹೋಗ್ಲಿ." ನಾನು ಬೆಪ್ಪಾದೆ. ಸುರಂಗ! ರೈಲಿನ ಹುಚ್ಚಿರುವ ಯಾರು ತಾನೇ ಸುರಂಗವನ್ನು ಬೇಡವೆಂದಾರು? ಆದರೆ ಅವರ ಮಾತು ಇನ್ನೂ ಮುಗಿದಿರಲಿಲ್ಲ. ಮಂಚದ ಕೆಳಗಿನ ಸಾಮಾನಿಗೆ ನನ್ನ ಸ್ಟೋರ್ ರೂಮಿನಲ್ಲಿ ಅಷ್ಟೇ ಜಾಗ ಬಿಡಬೇಕು, ಭೂಮಿಗೆ ಭೂಮಿ. ಒಪ್ಪಿದೆ. ಎರಡನೆಯ ಷರತ್ತು, ಜಾಗ ಕೊಟ್ಟ ಮನೆಗೆ ಒಂದು ಕೆಲಸ ಕೊಡಬೇಕು.

"ಏನು ಕೆಲಸ ಅತ್ತೆ?"

"ನಿಲ್ಸೋದು, ಬುಡೋದು."

ರೈಲಿನ ವೇಗ ಹೆಚ್ಚುಕಡಿಮೆ ಮಾಡುವ ತಿರುಪಿನ ಪೆಟ್ಟಿಗೆಯನ್ನು ನಾನು ಇದುವರೆಗೆ ಗಂಡನ ಕೈಗೂ ಕೊಟ್ಟವಳಲ್ಲ. ಹಲ್ಲು ಕಚ್ಚಿಕೊಂಡು ಅದಕ್ಕೂ ಒಪ್ಪಿದೆ. ಕೊನೆಯದಾಗಿ ಅತ್ತೆ, "ಸುರಂಗ ದಾಟಿದ್ ಮ್ಯಾಕೆ ಒಂದು ಟೇಸನ್ ಬೇಕು. ನಮ್ಮೂರ ಮುಂದೆ ಬಸ್ಸುಗಳೆಲ್ಲಾ ಹೋಯ್ತವೆ, ಒಂದೂ ನಿಲ್ಲಾಕಿಲ್ಲ. ನನ್ನ ಮಂಚದ ಕೆಳಗೆ ಹೋಗೋದಾದ್ರೂ ನಿಂತು ಹೋಗ್ಲಿ" ಎಂದರು. ಈ ಮಾತಿಗೆ ನನ್ನ ಕರುಳು ಚುರುಕ್ಕೆಂದಿತು. ಗಂಡ ಎದ್ದುಹೋಗಿ ಪಂಪಿನ ಮೋಟರ್ ಬಂದ ರಟ್ಟಿನ ಡಬ್ಬ ತಂದು ಕತ್ತರಿಸಿ, ಗೋಂದು ಹಚ್ಚಿ, ಸಂಜೆಯೊಳಗೆ ಸ್ಟೇಷನ್ ನಿಲ್ಲಿಸಿದರು. ಹಳದಿ ಹಲಗೆಯ ಮೇಲೆ ಕಪ್ಪಕ್ಷರದಲ್ಲಿ "ಮುನಿಯಮ್ಮ ಹಾಲ್ಟ್" ಎಂದು ಬರೆದರು. ಅತ್ತೆ ಅದನ್ನು ಎರಡು ಸಲ ಓದಿಸಿಕೊಂಡರು.

ಭಾನುವಾರ ಶ್ರೀಧರ್ ಬಂದರು. ನಡುಮನೆಯ ಹಳಿಯನ್ನೂ, ಮಂಚವನ್ನೂ, ಮಂಚದ ಮೇಲೆ ತಿರುಪಿನ ಪೆಟ್ಟಿಗೆ ಹಿಡಿದು ಕೂತ ಅತ್ತೆಯನ್ನೂ ನೋಡಿ, ಹಳಿ ತುಳಿಯದಂತೆ ಗೋಡೆಗೆ ಒತ್ತಿ ನಿಂತರು. ಅತ್ತೆ ಹಸಿರು ಶಾಲಿನ ಸೆರಗು ಬೀಸಿ ತಿರುಪು ತಿರುಗಿಸಿದರು. ಕೆಂಪು ರೈಲು ಸ್ಟೋರ್ ರೂಮಿನ ಹೊಸಿಲಿನ ಸಂದಿಯಿಂದ ಹೊರಬಂತು, ಹಾವು ಹೊರಳಿದಷ್ಟು ನಯವಾಗಿ ತಿರುವಿಗೆ ಹೊರಳಿತು, ಒಂದು ಬೋಗಿಯೂ ಅಲುಗದೆ ಮಂಚದ ಕೆಳಗಿನ ಕತ್ತಲೆಗೆ ಹೊಕ್ಕಿತು. ನಾನು ಮಂಚದ ಇನ್ನೊಂದು ತುದಿಗೆ ಓಡಿದೆ. ಆ ಕಡೆಯಿಂದ ಎಂಜಿನ್ನಿನ ದೀಪ ಕಂಡಾಗ ಕೂಗಿಯೇಬಿಟ್ಟೆ. ರೈಲು ಮುನಿಯಮ್ಮ ಹಾಲ್ಟಿನಲ್ಲಿ ಮೆಲ್ಲಗೆ ಬಂದು ನಿಂತಿತು. ಶ್ರೀಧರ್ ಚಪ್ಪಾಳೆ ತಟ್ಟಿದರು. "ಸ್ಟೋರ್ ರೂಮು ಸಾರ್, ಹೊಸಕೋಟೆ ಸ್ಟೋರ್ ರೂಮು!" ಎಂದೆ. ಅಷ್ಟು ಸಂತೋಷ ನನಗೆ ಬಿ.ಎಡ್. ಪಾಸಾದಾಗಲೂ ಆಗಿರಲಿಲ್ಲ.

ಅವರು ಮಂಚದ ಬಳಿ ಬಗ್ಗಿ, "ಅಮ್ಮಾ, ಒಂದು ಸಲ ನಾನು ಓಡಿಸ್ಲಾ?" ಎಂದು ಕೇಳಿದರು. "ಇನ್ನೂ ಟೇಮಾಗಿಲ್ಲ ಕಣಪ್ಪ. ಕೂತ್ಕೊ, ಈ ಅವರೆಕಾಯಿ ಸುಲೀತಾ ಇರು" ಎಂದು ಅತ್ತೆ ಮೊರ ಮುಂದಿಟ್ಟರು. ಮಹಡಿ ಮನೆಯ ಎಂಜಿನಿಯರು ಮೊರ ತುಂಬಾ ಅವರೆಕಾಯಿ ಸುಲಿದ ಮೇಲೆ ಅವರಿಗೆ ಒಂದು ಸುತ್ತು ಸಿಕ್ಕಿತು. ರಾತ್ರಿ ಗುಂಪಿನಲ್ಲಿ ಸುರಂಗವನ್ನೂ ಸ್ಟೇಷನ್ ಮಾಸ್ಟರನ್ನೂ ಹಾಡಿ ಹೊಗಳಿದರು. ತಿರುವು ಹಾಕಿದವಳ ಸುದ್ದಿ ಅದರಲ್ಲಿರಲಿಲ್ಲ. ಇರಲಿ, ಗೆದ್ದದ್ದಂತೂ ನಮ್ಮ ಮನೆ.

ಮೊನ್ನೆ ಆ ಕೆಂಪು ರೈಲಿನ ತಯಾರಕರು ಇನ್ನೂ ಉದ್ದನೆಯ ಗೂಡ್ಸ್ ಗಾಡಿಯನ್ನು ಪ್ರಕಟಿಸಿದರು. ನನ್ನ ಫೋನಿನಲ್ಲಿ ಚಿತ್ರ ನೋಡಿದ ಅತ್ತೆ, "ತರ್ಸು" ಎಂದರು. ಜಾಗವಿಲ್ಲ ಎಂದೆ. ಅವರು ಟೇಪು ಹಿಡಿದು ನೇರ ನನ್ನ ರೂಮಿಗೆ ನಡೆದು, ನನ್ನ ಸೀರೆಯ ಬೀರುವಿನ ಮುಂದೆ ನಿಂತರು. "ಇದನ್ನ ಅಟ್ಟಕ್ಕೆ ಹಾಕುದ್ರೆ ಆಯ್ತು." ಆಗುವುದಿಲ್ಲ ಎಂದು ನಾನು ಬೀರುವಿಗೆ ಬೆನ್ನು ಕೊಟ್ಟು ನಿಂತೆ. ಅತ್ತೆ ಬೇಸರದಿಂದ ತಲೆಯಾಡಿಸಿದರು. "ಎಲ್ರೂ ಹಿಂಗೇ ಅಡ್ಡ ನಿಂತ್ರೆ ಅಭಿವೃದ್ಧಿ ಆಗೋದೆಂಗವ್ವಾ?"

ನಾನು ಸೋತೆ. ಹೋಗಲಿ, ಬೀರು ಇದ್ದ ಕಡೆ ನನ್ನ ಹೆಸರಿನಲ್ಲಿ ಒಂದು ಪುಟ್ಟ ಸ್ಟೇಷನ್ನಾದರೂ ಕೊಡಿ ಎಂದು ಕೇಳಿಕೊಂಡೆ.

"ನೋಡಾಣ" ಎಂದರು ಅತ್ತೆ, ಟೇಪು ಸುತ್ತುತ್ತಾ. "ಮೇಲಿನೋರ್ನ ಕೇಳ್ಬೇಕು."

ನಮ್ಮ ಮನೆಯಲ್ಲಿ ಅವರಿಗಿಂತ ಮೇಲಿನವರು ಯಾರೂ ಇಲ್ಲ.